ನನ್ನನ್ನು ಕೂರಲು ಬಿಡದ ಆಂಕರ್ ಲಿಫ್ಟಿಗೆ

ಮಾನ್ಯ ಆಂಕರ್ ಲಿಫ್ಟ್ ಮಹಾಶಯರ ಸನ್ನಿಧಾನಕ್ಕೆ,

ಸ್ವೀಡನ್ನಿನ ಮೋಲ್ನ್‌ಡಾಲ್ ನಿವಾಸಿ ಜಾನಕಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಈಗಾಗಲೇ ತಮ್ಮ ಕಂಬದ ಬುಡದಲ್ಲಿ, ಒದ್ದೆ ಹಿಮದ ಮೇಲೆ ಖುದ್ದಾಗಿ ಸಲ್ಲಿಸಿದ್ದೇನೆ. ಇದು ಅದರ ಲಿಖಿತ ಪ್ರತಿ. ಹಿಮದ ಕಾಲ ಮುಗಿದು, ಸ್ಕೀ ಆಡುವವರನ್ನು ಮೇಲಕ್ಕೆ ಎಳೆಯುವ ಕೆಲಸವಿಲ್ಲದೆ, ದಾಲಾರ್ನಾ ಪ್ರಾಂತ್ಯದ ಆ ಗುಡ್ಡದಲ್ಲಿ ತಾವೀಗ ವಿಶ್ರಾಂತಿಯಲ್ಲಿದ್ದೀರಿ ಎಂದು ತಿಳಿದು ಕ್ಷೇಮ ವಿಚಾರಿಸುತ್ತಿದ್ದೇನೆ. ನನ್ನ ಕ್ಷೇಮವನ್ನು ಮಾತ್ರ ತಾವು ಒಮ್ಮೆಯೂ ವಿಚಾರಿಸಲಿಲ್ಲ. ಈ ದೂರು ಅದರ ಕುರಿತೇ.

ಮಾನ್ಯರೇ, ಜನವರಿಯಲ್ಲಿ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದ್ದ, ಈಗ ಡಾಕ್ಟರ ಪ್ರಕಾರ ಪೂರ್ತಿ ಗುಣವಾಗಿರುವ, ಸ್ನೇಹಿತರ ಪ್ರಕಾರ ಎಂದೆಂದಿಗೂ ಗುಣವಾಗದ ಹೆಂಗಸು ನಾನು. ಆ ಸ್ನೇಹಿತರೆಂದರೆ ನೈನಾ ಮತ್ತು ಅವಳ ಗಂಡ ಅಶ್ವತ್ಥ. ಆಸ್ಪತ್ರೆಗೆ ದಿನವೂ ಮೆಣಸಿನ ಸಾರು ಹೊತ್ತು ತಂದವರು ಅವರೇ. ಆ ಋಣವನ್ನು ಮರೆಯುವಷ್ಟು ಕೃತಘ್ನೆ ನಾನಲ್ಲ. ಆದರೆ ಅಂದಿನಿಂದ ಅವರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: ಕೂತ್ಕೋ. ಲೋಟ ತೊಳೆಯಲು ಎದ್ದರೆ ಕೂತ್ಕೋ, ಬಾಗಿಲು ತೆರೆಯಲು ಹೋದರೆ ಕೂತ್ಕೋ. ಅಪರಿಚಿತರ ಜೊತೆ ಯಾರೂ ಮಾತಾಡದ ಈ ದೇಶದ ಟ್ರಾಮಿನಲ್ಲಿ ನೈನಾ ನನ್ನ ಪರವಾಗಿ ಸೀಟು ಬೇಡಿದಾಗ ಎದ್ದು ಜಾಗ ಕೊಟ್ಟದ್ದು ಊರುಗೋಲು ಹಿಡಿದ ಅಜ್ಜಿಯೊಬ್ಬರು. ನಾನು ಕೂತೆ. ಮಣೆ ಹಾಕಿದರೆ ಕೂರುವುದು ನಮ್ಮ ಜನ ಕಲಿತ ಮೊದಲ ಮರ್ಯಾದೆ.

ನಿಜ ಹೇಳುತ್ತೇನೆ, ನನಗೂ ಹೆದರಿಕೆ ಇತ್ತು. ಆಸ್ಪತ್ರೆಯಲ್ಲಿ ಒಂದು ದಿನ ಹಾಸಿಗೆಯಿಂದ ಕಿಟಕಿಯವರೆಗೆ ನಡೆದು, ಮರಳಿ ಬರಲಾಗದೆ ನರ್ಸ್ ಬರುವವರೆಗೂ ಪರದೆ ಹಿಡಿದು ನಿಂತಿದ್ದೆ. ಅದು ನೆನಪಾದಾಗಲೆಲ್ಲ, ಇವರು ಹೇಳುವುದೇ ಸರಿ, ನಾನು ಇನ್ನು ಕೂರುವವಳೇ ಏನೋ ಎನಿಸುತ್ತಿತ್ತು. ಆದ್ದರಿಂದಲೇ ತಾವು ಓಡಾಡುವ ಕೊನೆಯ ವಾರಾಂತ್ಯಕ್ಕೆ ಹೋಗೋಣವೆಂದು ಹಟ ಹಿಡಿದೆ. ಆ ಗುಡ್ಡದ ತುದಿಗೆ ಒಮ್ಮೆ ಹೋಗಿ ನನ್ನ ಕಾಲ ಮೇಲೆ ನಾನೇ ಇಳಿದು ಬರಬೇಕಿತ್ತು, ಅಷ್ಟೇ.

ಕಾರಿನಲ್ಲಿ ಕಂಬಳಿ, ಸಾರಿನ ಫ್ಲಾಸ್ಕು, ವಿಕ್ಸ್ ಎಲ್ಲವೂ ಬಂದವು. ಸ್ಕೀ ಮಾತ್ರ ಬಾಡಿಗೆಗೆ ಸಿಕ್ಕಿತು. ದಾರಿಯಲ್ಲಿ ನೈನಾ ಷರತ್ತು ಹಾಕಿದಳು: “ನೋಡು ಜಾನು, ಒಂದ್ ಸಲ ಬಿದ್ಯಾ, ಮುಗೀತು. ಆಮೇಲೆ ಕಂಬಳಿ ಹೊದ್ಕೊಂಡು ಸುಮ್ನೆ ಕೂತಿರ್ಬೇಕು.” ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ.

ಹೋದ ವರ್ಷ ನಾವು ಮೂವರೂ ಸ್ಕೀ ಕಲಿತದ್ದು ಮಕ್ಕಳ ಇಳಿಜಾರಿನಲ್ಲಿ. ಅಲ್ಲಿ ಉರುಳುವ ಚಾಪೆಯೊಂದು ಎಲ್ಲರನ್ನೂ ಮೇಲಕ್ಕೆ ಒಯ್ಯುತ್ತಿತ್ತು. ತಮ್ಮ ದರ್ಶನಭಾಗ್ಯ ಒದಗಿದ್ದು ಈ ಸಲವೇ. ತಾವೋ, ತಂತಿಗೆ ತೂಗುಬಿದ್ದ ಒಂದು ಕಂಬಿ, ಅದರ ತುದಿಯಲ್ಲಿ ಇಬ್ಬರಿಗೆ ಸರಿಯಾಗುವಷ್ಟು ಅಗಲದ ಅಡ್ಡಪಟ್ಟಿ. ಹಿಂದಿನಿಂದ ಮೆಲ್ಲಗೆ ಬಂದು, ಹಳೆಯ ನೆಂಟರ ಹಾಗೆ, ಕೂರುವ ಜಾಗಕ್ಕೇ ತಾಗಿದಿರಿ. ಇದಕ್ಕಿಂತ ಸ್ಪಷ್ಟವಾದ ಆಹ್ವಾನ ಇನ್ನೇನಿದೆ? ಮೂರು ತಿಂಗಳ ಅಭ್ಯಾಸಬಲದಿಂದ ನಾನು ಕೂತೆ. ಪಕ್ಕದಲ್ಲಿದ್ದ ನೈನಾ ಕೂಡ, ನನ್ನನ್ನು ಕೂರಿಸುವ ಭರದಲ್ಲಿ, ಕೂತಳು. ತಾವು ಪಟ್ಟಿಯನ್ನು ನೆಲದವರೆಗೆ ಇಳಿಸಿ, ನಮ್ಮಿಬ್ಬರನ್ನೂ ಇಡ್ಲಿ ಹಿಟ್ಟಿನಂತಾಗಿದ್ದ ಹಿಮದಲ್ಲಿ ಚೆಲ್ಲಿ, ಹಿಂತಿರುಗಿಯೂ ನೋಡದೆ ಖಾಲಿ ಕೈಯಲ್ಲಿ ಗುಡ್ಡ ಹತ್ತಿದಿರಿ.

ಸಹಾಯಕ್ಕೆಂದು ಹಿಂದಿನ ಪಟ್ಟಿ ಹಿಡಿದು ಬಂದ ಅಶ್ವತ್ಥ, ಸ್ಕೀ ಬಗ್ಗೆ ವಾರವಿಡೀ ವಿಡಿಯೋ ನೋಡಿದ್ದ ಅಶ್ವತ್ಥ, ತಾನೂ ಕೂತು ನೇರ ನಮ್ಮ ಮೇಲೆಯೇ ಬಿದ್ದ. ಕೂರಬೇಡಿ, ನಿಂತೇ ಇರಿ ಎಂದು ಸ್ವೀಡಿಷ್‌ನಲ್ಲಿ ಬರೆದು, ಕೂತ ಮನುಷ್ಯನ ಚಿತ್ರಕ್ಕೆ ಕೆಂಪು ಗೆರೆ ಹೊಡೆದ ಫಲಕ ನಮ್ಮ ತಲೆಯ ಮೇಲೆಯೇ ಇತ್ತೆಂಬುದು ಮಲಗಿದಾಗ ಕಾಣಿಸಿತು.

ನಾನು ಕಂಬಳಿಗೆ ಮಾನಸಿಕವಾಗಿ ಸಿದ್ಧಳಾದೆ. ಶ್ವಾಸಕೋಶದ ಬಗ್ಗೆ ಪ್ರಶ್ನೆ ಬರುತ್ತದೆಂದು ಕಾದೆ. ಬರಲಿಲ್ಲ. ನೈನಾ ಬಿದ್ದು ಬಿದ್ದು ನಕ್ಕಳು, ಆಮೇಲೆ ನನ್ನ ಹೆಲ್ಮೆಟ್ಟಿಗೆ ಒಂದು ತಟ್ಟಿ, “ಏಳೇ, ದಾರೀಲಿ ಬಿದ್ಕೊಂಡಿದೀಯ, ಹಿಂದೆ ಕ್ಯೂ ನಿಂತಿದೆ” ಎಂದು ಗದರಿದಳು. ಜನವರಿಯಿಂದೀಚೆಗೆ ನನ್ನನ್ನು ಯಾರಾದರೂ ಗದರಿದ್ದು ಅದೇ ಮೊದಲು, ಮಾನ್ಯರೇ. ಕಣ್ಣಲ್ಲಿ ನೀರು ಬಂತು. ಹಿಮ ಬಿತ್ತೆಂದು ಹೇಳಿದೆ. ಯಾರು ಮೊದಲು ಬಿದ್ದರೆಂದು ತೀರ್ಮಾನವಾಗದ ಕಾರಣ ಷರತ್ತನ್ನು ಮುಂದೂಡಲಾಯಿತು.

ಎರಡನೆಯ ಸಲ ನಾನೊಬ್ಬಳೇ ತಮ್ಮ ಪಟ್ಟಿ ಹಿಡಿದು ನಿಂತೆ. ಉಸಿರು ಸದ್ದು ಮಾಡುತ್ತಿತ್ತು. ತಾವು ಸಾಕಾ ಎನ್ನಲಿಲ್ಲ, ನೀರು ಬೇಕಾ ಎನ್ನಲಿಲ್ಲ, ಎಳೆಯುತ್ತಲೇ ಹೋದಿರಿ. ತುದಿಗೆ ಬಂದಾಗ ನಾನಿನ್ನೂ ನಿಂತೇ ಇದ್ದೆ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳೇನೆಂದರೆ, ತಾವು ದಯಮಾಡಿ ಬೇಸಿಗೆಯಲ್ಲಿ ಖಾಲಿ ಇರುವಾಗ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಿಂದ ಬಾಲ್ಕನಿಯವರೆಗೆ ಸಂಚರಿಸಿ, ನನಗೆ ಕುರ್ಚಿ ಎಳೆಯುವ ಪ್ರತಿಯೊಬ್ಬರನ್ನೂ ನೆಲಕ್ಕೆ ಬೀಳಿಸಬೇಕು. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಎರಡು ಸಲ ಕೆಮ್ಮಿದರೆ ಮನೆಗೆ ಹೋಗೆನ್ನುವ ಸಹೋದ್ಯೋಗಿಗಳಿಗೂ ಈ ಸೌಭಾಗ್ಯ ವಿಸ್ತರಿಸಬೇಕು. ಸಾಧ್ಯವಾದರೆ ವಿಡಿಯೋ ಕಾಲಿನೊಳಗೆ ತೂರಿ ಮೈಸೂರಿನಲ್ಲಿರುವ ನನ್ನ ಅಮ್ಮನ ಸೋಫಾವನ್ನೂ ತುಸು ಅಲುಗಾಡಿಸಬೇಕು. ಹಾಗೆಯೇ ಆ ಫಲಕವನ್ನು ಕನ್ನಡದಲ್ಲೂ ಬರೆಸಿ, ಮೊದಲ ಪ್ರತಿಯನ್ನು ನೈನಾಳ ಮನೆಗೆ ಕಳಿಸಬೇಕು.

ಅಂದು ಆ ತುದಿಯಿಂದ ಕೊನೆಗೂ ಇಳಿದೆ. ಚೆನ್ನಾಗೇನಲ್ಲ, ಆದರೆ ಇಳಿದೆ. ಕೆಳಗೆ ಬಂದಾಗ ನೈನಾ ಮತ್ತೊಮ್ಮೆ ತಮ್ಮ ಪಟ್ಟಿಯ ಮೇಲೆ ಕೂತು ಬಿದ್ದು, ಮೊಣಕಾಲು ಉಳುಕಿಸಿಕೊಂಡು, ನನಗೆಂದು ಗೊತ್ತುಮಾಡಿದ್ದ ಬೆಂಚಿನಲ್ಲಿ, ನನ್ನ ಕಂಬಳಿ ಹೊದ್ದು ಮುಲುಗುತ್ತಿದ್ದಳು. ಫ್ಲಾಸ್ಕಿನ ಸಾರನ್ನು ನಾನೇ ಬಗ್ಗಿಸಿ ಅವಳ ಕೈಗೆ ಕೊಟ್ಟೆ. ಅವಳು ಏಳಲು ಹೋದಳು. ಕೂತ್ಕೋ ಎಂದೆ.

ನಿಂತುಕೊಂಡೇ ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಜಾನಕಿ

ಮರೆತ ಮಾತು: ನೈನಾಳ ಮೊಣಕಾಲು ಹೇಗಿದೆಯೆಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಪ್ಪದೆ ಫೋನ್ ಮಾಡಿ ವಿಚಾರಿಸುತ್ತಿದ್ದೇನೆ. ನಿನ್ನೆಯಿಂದ ಅವಳು ಫೋನ್ ಎತ್ತುತ್ತಿಲ್ಲ. ಇವತ್ತು ಸಾರು ಮಾಡಿಕೊಂಡು ಖುದ್ದಾಗಿ ಹೋಗುವವಳಿದ್ದೇನೆ.