ಪೈನ್ ಗಿಡವನ್ನು ಗೌರಿ ಹಬ್ಬಕ್ಕೆ ತವರಿಗೆ ಕಳುಹಿಸುವ ಕುರಿತು

ಅಲಂಕಾರಿಕ ವೃಕ್ಷಗಳ ವಿಭಾಗ ಕಚೇರಿ, ಮಧುಗಿರಿ

ಸಂಖ್ಯೆ: ಅವೃವಿ/ಪೈನ್/ತವರು/07/2025-26
ದಿನಾಂಕ: 25-08-2025, ಸೋಮವಾರ (ಗೌರಿ ಹಬ್ಬದ ಹಿಂದಿನ ದಿನ)

ಸುತ್ತೋಲೆ

ವಿಷಯ: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ವಿಭಾಗದ ತೋಟಗಳಿಗೆ ಪೈನ್ ಜಾತಿಗಳನ್ನು ಆರಿಸಿ ಬೆಳೆಸುವುದು, ಹಾಗೂ ಬದುಕಿರುವ ಏಕೈಕ ಪೈನ್ ಗಿಡವನ್ನು ಹಬ್ಬಕ್ಕೆ ಕಳುಹಿಸಿಕೊಡುವುದು.

ಉಲ್ಲೇಖ:
1. ಪೈನ್ ತೋಟಗಳ ಸ್ಥಿತಿಗತಿ ವರದಿ (ಅರ್ಧ ಪುಟ. ಹೆಚ್ಚು ಬರೆಯಲು ಏನೂ ಉಳಿದಿರಲಿಲ್ಲ).
2. ಪುರವರದ ಶ್ರೀಮತಿ ಸಿದ್ದಗಂಗಮ್ಮನವರ ಮೌಖಿಕ ಅರ್ಜಿ, ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಮೂರು ಸಲ ಸಲ್ಲಿಸಿದ್ದು.
3. ಅಧೀಕ್ಷಕರಾದ ಶ್ರೀ ರೇಣುಕಯ್ಯನವರ ತಪ್ಪೊಪ್ಪಿಗೆ, ತೆಂಗಿನಕಾಯಿ ಬಾಬತ್ತು.

ಪ್ರಸ್ತಾವನೆ:

ಇಂದು ಬೆಳಗ್ಗೆ ಮಧುಗಿರಿ ಬೆಟ್ಟದ ನೆತ್ತಿಯ ಮೇಲೆ ಮೋಡ ಕುಳಿತಿದ್ದು, ಸಣ್ಣಗೆ ತುಂತುರು ಬಿದ್ದು, ಕಚೇರಿ ಅಂಗಳದಲ್ಲಿರುವ ಪೈನ್ ಗಿಡದ ಒಂದೊಂದು ಸೂಜಿಯ ತುದಿಯಲ್ಲೂ ಒಂದೊಂದು ಹನಿ ನಿಂತಿರುವುದು ಕಂಡುಬಂದಿದೆ. ಹನಿಗಳನ್ನು ಎಣಿಸಲು ಕ್ರಮ ಕೈಗೊಳ್ಳಲಾಗಿತ್ತು; ನಾನೂರರ ನಂತರ ಭಗವಂತನ ಲೆಕ್ಕಕ್ಕೆ ಬಿಡಲಾಗಿದೆ.

ಈ ಕಲ್ಲುಬೆಟ್ಟಗಳ ಸೀಮೆಯಲ್ಲೂ ತಂಪು ನಾಡಿನ ಮರಗಳ ಸದ್ದು ಕೇಳಲಿ ಎಂಬ ಸದುದ್ದೇಶದಿಂದ ಕಳೆದ ವರ್ಷ ತಾಲ್ಲೂಕಿಗೆ ಇಪ್ಪತ್ತನಾಲ್ಕರಂತೆ ತೊಂಬತ್ತಾರು ಪೈನ್ ಸಸಿಗಳನ್ನು ನಾಲ್ಕು ತೋಟಗಳಿಗೆ ಮಂಜೂರು ಮಾಡಲಾಗಿತ್ತು. ಅವುಗಳ ಪೈಕಿ ಪೈನ್ ಎನ್ನಬಹುದಾದದ್ದು ಒಂದೂ ಉಳಿದಿರುವುದಿಲ್ಲ. ಅಷ್ಟರಲ್ಲಿ ಮೇಲಧಿಕಾರಿಗಳು ತೋಟ ನೋಡಲು ಬರುವುದಾಗಿ ತಿಳಿಸಿದ್ದರಿಂದ, ಸಿದ್ದಗಂಗಮ್ಮನವರು ಮೂರು ವರ್ಷದಿಂದ ಮನೆಯ ಮುಂದೆ, ತಳ ತೂತಾದ ಹಳೆಯ ದಬರಿಯಲ್ಲಿ ಸಾಕಿದ್ದ ಪೈನ್ ಗಿಡವನ್ನು ಎರಡು ದಿನದ ಮಟ್ಟಿಗೆಂದು ಜೂನ್ 18ರಂದು ಕೇಳಿ ತರಲಾಯಿತು. ಅಧಿಕಾರಿಗಳು ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುವುದರಲ್ಲಿ ಅರವತ್ತೆಂಟು ದಿನಗಳು ಕಳೆದಿವೆ.

ಗಿಡವನ್ನು ಕೊಡುವಾಗ ಸದರಿಯವರು ಅದಕ್ಕೆ ಅರಿಶಿನ ಕುಂಕುಮವಿಟ್ಟು, ಹಸಿರು ರವಿಕೆ ಬಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ ಕಟ್ಟಿ ದಬರಿಗೆ ಬಿಗಿದು ಕೊಟ್ಟಿದ್ದಾರೆ. ಗಂಡನ ಮನೆಗೆ ಹೊರಟ ಮಗಳಿಗೆ ಕೊಡುವ ಮಡಿಲಕ್ಕಿ ಇದೇ ಆಗಿರುತ್ತದೆ. ರೇಣುಕಯ್ಯನವರು ಇದನ್ನು ಪ್ರಸಾದವೆಂದು ತಿಳಿದು ಎರಡೂ ಕೈಯೊಡ್ಡಿ ತೆಗೆದುಕೊಂಡಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಕಾಯಿ ಚಟ್ನಿಯಾಗಿರುತ್ತದೆ.

ಈಗ ಮೇಲಧಿಕಾರಿಗಳ ಭೇಟಿ 28ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಗಿಡವನ್ನು ಇಟ್ಟುಕೊಳ್ಳಬೇಕೆಂದು ರೇಣುಕಯ್ಯನವರು ಕಡತ ಮಂಡಿಸಿರುತ್ತಾರೆ. ಗಿಡ ಹಬ್ಬಕ್ಕೆ ಮನೆಗೆ ಬರಬೇಕೆಂದು ಸಿದ್ದಗಂಗಮ್ಮನವರು ಕೋರಿರುತ್ತಾರೆ. ಅವರ ಹೇಳಿಕೆಯನ್ನು ತಿದ್ದದೆ ದಾಖಲಿಸಲಾಗಿದೆ:

“ನಂಗೆ ನಾಲ್ಕೂ ಗಂಡು ಮಕ್ಳೇ ಸ್ವಾಮಿ. ಇಷ್ಟ್ ವರ್ಸದಲ್ಲಿ ಗೌರಿ ಹಬ್ಬಕ್ಕೆ ಅಂತ ಒಂದ್ ಹೆಣ್ಮಗ ನಮ್ಮನೆ ಹೊಸ್ಲು ತುಳಿದಿಲ್ಲ. ಈ ಸಲ ಒಂದನ್ನ ಕಳ್ಸಿದೀನಲ್ಲ ಅಂತ ಬಾಗಿನಕ್ಕೆ ಮೊರ ತಂದಿಟ್ಕಂಡಿದೀನಿ. ಮಡ್ಲಕ್ಕಿ ತಿಂದ್ಮ್ಯಾಲೆ ನೀವು ಬೀಗ್ರು ಕಣ್ರಪ್ಪ. ಹಬ್ಬಕ್ಕೆ ಕಳ್ಸಬೇಕೋ ಬ್ಯಾಡ್ವೋ, ನೀವೇ ಹೇಳಿ.”

ಸದರಿ ಪ್ರಶ್ನೆಗೆ ಇಲಾಖೆಯ ಕೈಪಿಡಿಯಲ್ಲಿ ಉತ್ತರ ದೊರೆತಿಲ್ಲ. ಆದುದರಿಂದ ಎಲ್ಲ ಸಿಬ್ಬಂದಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಪೈನ್ ಜಾತಿಯನ್ನು ಪಟ್ಟಿಯಲ್ಲಿನ ಚಿತ್ರ ನೋಡಿ ಆರಿಸತಕ್ಕದ್ದಲ್ಲ. ಚಿತ್ರದಲ್ಲಿ ಹಿಮ ಕಂಡುಬಂದರೆ ಪುಟವನ್ನು ಮೆಲ್ಲಗೆ ಮಡಚತಕ್ಕದ್ದು. ಪಾವಗಡ, ಶಿರಾ ಕಡೆಗೆ ಬಿಸಿಲು ತಡೆಯುವ, ಉದ್ದ ಸೂಜಿಯ ಜಾತಿ. ಸಣ್ಣ ತೋಟಗಳಿಗೆ ಸೊಂಟದೆತ್ತರದಲ್ಲೇ ತೃಪ್ತಿಪಡುವ ಗಿಡ್ಡ ಜಾತಿ. ದೊಡ್ಡ ಜಾತಿಯನ್ನು ಕಾಂಪೌಂಡಿಗೆ ಅಂಟಿಸಿ ನೆಡತಕ್ಕದ್ದಲ್ಲ. ಮರ ಎಂಬತ್ತು ಅಡಿ ಆಗುವ ಹೊತ್ತಿಗೆ ನಮಗೆ ವರ್ಗಾವಣೆ ಆಗಿರುತ್ತದೆ ಎಂಬ ನೆಮ್ಮದಿ ಸಿಬ್ಬಂದಿಗೆ ಸಲ್ಲದು.

2. ಕೊರಟಗೆರೆ ತೋಟದಲ್ಲಿ ಹುಲುಸಾಗಿ ಬೆಳೆದಿದ್ದ ಇಪ್ಪತ್ತನಾಲ್ಕೂ ಪೈನ್‌ಗಳು ಸರ್ವೆ ಮರಗಳೆಂದು, ಸಿದ್ದರಬೆಟ್ಟದ ಕಡೆಯಿಂದ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಶ್ರೀಮತಿ ಹನುಮಕ್ಕ ಎಂಬುವರು ನಿಲ್ಲದೆಯೇ ದೃಢಪಡಿಸಿದ್ದಾರೆ. ಇನ್ನು ಮುಂದೆ ಅವುಗಳನ್ನು ಪೈನ್ ಎಂದು ಕರೆಯುವುದನ್ನು ನಿಲ್ಲಿಸಲಾಗಿದೆ. ಇದರಿಂದ ಮರಗಳು ಬೇಸರಪಟ್ಟುಕೊಂಡ ಬಗ್ಗೆ ವರದಿಯಿಲ್ಲ.

3. ಶಿರಾದಲ್ಲಿ ಸಸಿಗಳನ್ನು ಆರು ತಿಂಗಳು ಕಾದು ನೋಡಿ, ಎಲೆ ಬಿಟ್ಟಿಲ್ಲವೆಂಬ ಕಾರಣಕ್ಕೆ ಒಣಗಿವೆಯೆಂದು ಕಿತ್ತುಹಾಕಲಾಗಿದೆ. “ಬರೀ ಸೂಜಿ ಇತ್ತು ಸಾರ್. ಎಲೆ ಯಾವಾಗ್ ಬುಡುತ್ತೆ, ಯಾವಾಗ್ ಬುಡುತ್ತೆ ಅಂತ ದಿನಾ ನೋಡಿದ್ದೇ ಬಂತು” ಎಂದು ಮಾಲಿ ತಿಮ್ಮರಾಯಪ್ಪನವರು ಸಮಜಾಯಿಷಿ ನೀಡಿದ್ದಾರೆ. ಸೂಜಿಯೇ ಎಲೆ ಎಂದು ಈ ಸುತ್ತೋಲೆಯ ಮುಖೇನ ಘೋಷಿಸಲಾಗಿದೆ. ಈ ಆದೇಶವು ಪೂರ್ವಾನ್ವಯವಾಗುತ್ತದೆ, ಆದರೆ ಅದರಿಂದ ಸಸಿಗಳಿಗೆ ಪ್ರಯೋಜನವಿಲ್ಲ.

4. ಪಾವಗಡದವರು ನೀರಿನ ಬೆಲೆ ಬಲ್ಲವರು. ಆ ಕಾರಣಕ್ಕೇ, ದೂರದಿಂದ ಬಂದ ನೆಂಟರು ಬಾಯಾರಿ ಕೂರಬಾರದೆಂದು, ತಮ್ಮ ಪಾಲಿನದನ್ನು ಉಳಿಸಿ ಸಸಿಗಳಿಗೆ ದಿನಕ್ಕೆ ಮೂರು ಕೊಡ ಸುರಿದಿದ್ದಾರೆ. ಬೇರು ಕೊಳೆತಿದೆ. ಯಾರ ಮೇಲೂ ಶಿಸ್ತುಕ್ರಮ ಇರುವುದಿಲ್ಲ. ಇನ್ನು ಮುಂದೆ ಮಣ್ಣಿಗೆ ಎರಡು ಗೆಣ್ಣಿನಷ್ಟು ಬೆರಳಿಟ್ಟು ನೋಡಿ, ತೇವವಿದ್ದರೆ ನೀರನ್ನೂ ಬೆರಳನ್ನೂ ಹಿಂತೆಗೆದುಕೊಳ್ಳತಕ್ಕದ್ದು. ಬೆರಳಿಡುವ ಅಧಿಕಾರ ಮಾಲಿಗಳಿಗೆ ಮಾತ್ರ. ಮೇಲ್ದರ್ಜೆಯವರು ಪಕ್ಕದಲ್ಲಿ ನಿಂತು ತಲೆಯಾಡಿಸಬಹುದು.

5. ಮಧುಗಿರಿಯಲ್ಲಿ ಅಧಿಕಾರಿಗಳು ಬರುವರೆಂಬ ಸುದ್ದಿಗೇ ಮರಗಳ ಬುಡಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವ ಸಂಪ್ರದಾಯವಿದೆ. ಪಟ್ಟೆಯು ನೆಲದಿಂದ ಮೂರು ಅಡಿ ಇರತಕ್ಕದ್ದೆಂಬ ನಿಯಮವನ್ನು ಒಂದು ಅಡಿ ಎತ್ತರದ ಪೈನ್ ಸಸಿಗಳಿಗೂ ಕಟ್ಟುನಿಟ್ಟಾಗಿ ಪಾಲಿಸಲಾಗಿದೆ. ಸಸಿಗಳು ಸುಣ್ಣದೊಳಗೇ ಒಣಗಿವೆ. ಉಳಿಕೆ ಎರಡು ಅಡಿಯನ್ನು ಎಲ್ಲಿ ಬಳಿಯಬೇಕೆಂದು ಸ್ಪಷ್ಟೀಕರಣ ಕೋರಿದ ಪತ್ರವನ್ನು ಈ ಮೂಲಕ ಮುಕ್ತಾಯಗೊಳಿಸಲಾಗಿದೆ.

6. ಸಿದ್ದಗಂಗಮ್ಮನವರ ಪದ್ಧತಿಯನ್ನೇ ಇನ್ನು ವಿಭಾಗದ ಪದ್ಧತಿಯೆಂದು ಪರಿಗಣಿಸತಕ್ಕದ್ದು. ತಳಕ್ಕೆ ಹೆಂಚಿನ ಚೂರು, ಮೇಲೆ ಗರಸು ಮತ್ತು ಮರಳು, ಸಸಿ ಕೊಂಡಾಗ ನರ್ಸರಿಯವರು ಹಳೆಯ ಪೈನ್ ಮರದ ಬುಡದಿಂದ ಕೊಟ್ಟ ಒಂದು ಹಿಡಿ ಮಣ್ಣು, ದಿನವಿಡೀ ಬಿಸಿಲು, ನಾಲ್ಕು ದಿನಕ್ಕೊಮ್ಮೆ ಅಕ್ಕಿ ತೊಳೆದ ನೀರು. ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದಲ್ಲಿ ಕೂತು ಬೀದಿಯ ಸುದ್ದಿಯನ್ನೆಲ್ಲ ಗಿಡಕ್ಕೆ ಹೇಳುತ್ತಾರೆಂದೂ ತಿಳಿದುಬಂದಿದೆ. ಬೆಳವಣಿಗೆಗೆ ಸುದ್ದಿ ಅಗತ್ಯವೇ ಎಂಬುದು ಪರಿಶೀಲನೆಯಲ್ಲಿದೆ. ಅಭಿಪ್ರಾಯ ಬರುವವರೆಗೆ ಮಾಲಿಗಳು ಹೇಳುತ್ತಿರತಕ್ಕದ್ದು. ಚಾಡಿ ಹೇಳತಕ್ಕದ್ದಲ್ಲ, ಗಿಡ ನಂಬಿಬಿಡುವ ಸಾಧ್ಯತೆ ಇರುತ್ತದೆ.

7. ಮರವೆಂಬುದು ನಿಂತ ಕಡೆಯೇ ನಿಂತು ಶಿವಧ್ಯಾನ ಮಾಡುವ ಜೀವ. ಅದರ ಬೆಳವಣಿಗೆಯನ್ನು ಪ್ರತಿ ಸೋಮವಾರ ಅಳೆದು ವರದಿ ಮಾಡಬೇಕೆಂಬ ಹಿಂದಿನ ಸೂಚನೆಯನ್ನು ಹಿಂಪಡೆಯಲಾಗಿದೆ. ಅಳತೆಗೆ ಮೀಸಲಿಟ್ಟಿದ್ದ ಹೊತ್ತಿನಲ್ಲಿ ಸಿಬ್ಬಂದಿ ಐದು ನಿಮಿಷ ಸುಮ್ಮನೆ ಇರತಕ್ಕದ್ದು. ಸುಮ್ಮನಿದ್ದ ಬಗ್ಗೆ ವರದಿ ಬೇಕಾಗಿಲ್ಲ.

8. ಹಸಿರು ರವಿಕೆ ಬಟ್ಟೆಯಲ್ಲಿ ಕಟ್ಟಿದ ಯಾವುದನ್ನೂ ಕೊಟ್ಟವರನ್ನು ಕೇಳದೆ ಬಿಚ್ಚತಕ್ಕದ್ದಲ್ಲ. “ಕಾಯಿ ಕಂಡ ಕೂಡ್ಲೇ ಪ್ರಸಾದ ಅಂದ್ಕಂಡ್ಬುಟ್ಟೆ ಸಾರ್. ಚಟ್ನಿ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ” ಎಂದು ರೇಣುಕಯ್ಯನವರು ಒಪ್ಪಿಕೊಂಡಿದ್ದಾರೆ. ಕೆಳಗೆ ಸಹಿ ಮಾಡಿರುವವರೂ ಸೇರಿ ಒಂಬತ್ತು ಮಂದಿ ಚಟ್ನಿ ತಿಂದಿದ್ದು, ಒಂಬತ್ತೂ ಮಂದಿ ಇಂದಿನಿಂದ ಸಿದ್ದಗಂಗಮ್ಮನವರ ಬೀಗರಾಗಿರುತ್ತಾರೆ. ಅವರು ಬಂದಾಗ ಎದ್ದು ನಿಂತು, ಕುರ್ಚಿ ಕೊಟ್ಟು, ಕಾಫಿ ಕೊಡತಕ್ಕದ್ದು. “ನಾಳೆ ಬನ್ನಿ” ಎನ್ನತಕ್ಕದ್ದಲ್ಲ.

9. ಗಿಡಕ್ಕೆ ತವರು ರಜೆಯನ್ನು ಮಂಜೂರು ಮಾಡಲಾಗಿದೆ. ರಜೆ ಅರ್ಜಿಯಲ್ಲಿ ಅರ್ಜಿದಾರರ ಸಹಿಯ ಜಾಗದಲ್ಲಿ ತಾನಾಗಿ ಉದುರಿದ ಒಂದು ಸೂಜಿಯನ್ನು ಅಂಟಿಸತಕ್ಕದ್ದು. ಸಹಿಗಾಗಿ ಕೀಳತಕ್ಕದ್ದಲ್ಲ. ಉದುರುವವರೆಗೆ ಗುಮಾಸ್ತರು ಕೆಳಗೆ ಅರ್ಜಿ ಹಿಡಿದು ಕಾಯತಕ್ಕದ್ದು.

10. 28ರಂದು ಗಿಡದ ಜಾಗದಲ್ಲಿ ಸರ್ವೆ ಕೊಂಬೆಯೊಂದನ್ನು ನೆಟ್ಟು ನಿಲ್ಲಿಸೋಣವೆಂಬ ರೇಣುಕಯ್ಯನವರ ಸಲಹೆಯನ್ನು ತಿರಸ್ಕರಿಸಲಾಗಿದೆ. ಮಗಳು ತವರಿಗೆ ಹೋದಾಗ ಆ ಜಾಗಕ್ಕೆ ಇನ್ನೊಬ್ಬಳನ್ನು ತಂದು ನಿಲ್ಲಿಸುವ ಮನೆತನ ನಮ್ಮದಲ್ಲ. ಆ ಜಾಗದಲ್ಲಿ “ಹಬ್ಬಕ್ಕೆ ಹೋಗಿದೆ” ಎಂಬ ಫಲಕವಿಟ್ಟು, ಮೇಲಧಿಕಾರಿಗಳಿಗೆ ಖಾಲಿ ನೆಲವನ್ನೇ ತೋರಿಸತಕ್ಕದ್ದು. ಅವರು ಕೋಪಿಸಿಕೊಂಡಲ್ಲಿ ಆ ಕೋಪವನ್ನು ಕೆಳಗೆ ಸಹಿ ಮಾಡಿರುವವರ ಹೆಸರಿಗೆ ವರ್ಗಾಯಿಸತಕ್ಕದ್ದು.

11. ಗಿಡವು ಜೀಪಿನ ಮುಂದಿನ ಸೀಟಿನಲ್ಲಿ ಪ್ರಯಾಣಿಸುತ್ತದೆ. ಕಚೇರಿ ಸಹಾಯಕ ಶ್ರೀ ಗಂಗಹನುಮಯ್ಯನವರು ದಬರಿಯನ್ನು ತೊಡೆಯ ಮೇಲಿಟ್ಟುಕೊಳ್ಳತಕ್ಕದ್ದು. ಸೂಜಿ ಚುಚ್ಚಿದಲ್ಲಿ ಸಹಿಸತಕ್ಕದ್ದು. ಪ್ರತಿ ಹಂಪಿನ ಮುಂದೆ ಗಿಡಕ್ಕೆ ಮುಂಚಿತವಾಗಿ ತಿಳಿಸತಕ್ಕದ್ದು.

12. ಗಿಡ ಮರಳುವ ದಿನಾಂಕದ ಕಲಂ ಅನ್ನು ಖಾಲಿ ಬಿಡಲಾಗಿದೆ. ಅದನ್ನು ತುಂಬುವ, ತುಂಬದೇ ಇರುವ ಅಧಿಕಾರ ತವರಿನವರದ್ದು.

ಸಹಿ/-
(ಮೂಡಲಗಿರಿಯಪ್ಪ)
ವಿಭಾಗಾಧಿಕಾರಿ ಹಾಗೂ ಪದನಿಮಿತ್ತ ಬೀಗರು

ಪ್ರತಿಗಳು:
1. 28ರಂದು ದಯಮಾಡಿಸಲಿರುವ ಮೇಲಧಿಕಾರಿಗಳಿಗೆ, ಕ್ಷಮೆಯೊಂದಿಗೆ.
2. ಪಾವಗಡದ ಮಾಲಿಗಳಿಗೆ, ಕೊಡ ಎತ್ತುವ ಮೊದಲು ಓದಿಕೊಳ್ಳಲು.
3. ಶ್ರೀ ತಿಮ್ಮರಾಯಪ್ಪ, ಶಿರಾ: ಒಂದು ಎಲೆಯನ್ನು ಮಾದರಿಗಾಗಿ ಲಗತ್ತಿಸಿದೆ. ಚುಚ್ಚುತ್ತದೆ.
4. ಶ್ರೀಮತಿ ಹನುಮಕ್ಕ, ಸಿದ್ದರಬೆಟ್ಟದ ದಾರಿ: ಮಾಹಿತಿಗಾಗಿ. ಮೇಕೆಗಳಿಂದ ದೂರವಿಡುವುದು.
5. ಕಚೇರಿ ಪ್ರತಿ.
6. ಶ್ರೀಮತಿ ಸಿದ್ದಗಂಗಮ್ಮ, ಪುರವರ: ಗಿಡದ ಸಮೇತ, ಖುದ್ದಾಗಿ. ನಂತರ ಸೇರಿಸಿದ ಷರಾ: ಸ್ವೀಕೃತಿ ಸಹಿ ಪಡೆದಿರುವುದಿಲ್ಲ. ಇಂದು ಸಂಜೆ ಬೀದಿಯವರೆಗೂ ಎದುರು ಬಂದ ಅವರ ತೋಳಿಗೆ ಗಂಗಹನುಮಯ್ಯನವರು ದಬರಿಯನ್ನು ಇಟ್ಟು, ಸಹಿ ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ಜೀಪು ಹತ್ತಿರುತ್ತಾರೆ.