ಮೂರನೇ ನೆನಪೋಲೆಗೆ ಕಾದ ಹಿರಿಯಳಿಯ

"ಕೇರಳ ಸರ್ಕಾರಕ್ಕೆ ನನ್ನಿಂದ ಒಂದು ನಯಾಪೈಸೆಯೂ ಹುಟ್ಟುವುದಿಲ್ಲ!"

ಕಳೆದ ವರ್ಷ ನಾನು ಹೀಗೆ ಘರ್ಜಿಸಿದಾಗ ನಮ್ಮ ನಂಜನಗೂಡಿನ ಮನೆಯ ಹಾಲ್‌ನಲ್ಲಿ ಹೆಂಡತಿ ನಂದಿತಾ ಮತ್ತು ಕೆಟ್ಟು ನಿಂತ ಫ್ಯಾನು ಬಿಟ್ಟರೆ ಬೇರೆ ಸಭಿಕರಿರಲಿಲ್ಲ. ಇಬ್ಬರೂ ಅಲ್ಲಾಡಲಿಲ್ಲ.

ನಡೆದದ್ದು ಇಷ್ಟೇ. ನಾವೂ, ತಿ. ನರಸೀಪುರದ ನನ್ನ ಷಡ್ಡಕ ನಂಜೇಶನ ಸಂಸಾರವೂ ಎರಡು ಕಾರಿನಲ್ಲಿ ವಯನಾಡು ನೋಡಿಕೊಂಡು ಬಂದಿದ್ದೆವು. ವಾರದೊಳಗೆ ಇಬ್ಬರ ಮೊಬೈಲಿಗೂ ಅತಿವೇಗದ ಚಲನ್ ಬಂತು. ನಂಜೇಶನ ವೇಗ ಎಪ್ಪತ್ತೆಂಟು, ನನ್ನದು ಎಂಬತ್ತಾರು. ಅದೊಂದರಲ್ಲಾದರೂ ನಾನೇ ಮುಂದು! ಅವನು ಅಂದು ಸಂಜೆಯೇ ದಂಡ ಕಟ್ಟಿ, ನನಗೂ ಫೋನ್ ಮಾಡಿದ.

"ಅಣ್ಣ, ನಿಮ್ದೂ ಕಟ್ಬುಡ್ಲಾ? ಎರಡ್ ನಿಮ್ಸದ ಕೆಲ್ಸ."

ನನಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಿಬಿಡುತ್ತೇನೆ, ನಂಜೇಶನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನ ಮನೆ ಕಂದಾಯ ಏಪ್ರಿಲ್ ಮೊದಲ ವಾರವೇ ಸಂದಾಯ. ಅವನ ತಲೆಯಲ್ಲಿ ಇನ್ನೂ ಒಂದು ಕೂದಲು ಉದುರಿಲ್ಲ. ಬಿಳಿಗೆರೆಯ ನಮ್ಮ ಅತ್ತೆ ಚನ್ನಾಜಮ್ಮನವರು ನಾನು ಹೋದರೆ ಊಟ ಆಯಿತೇ ಎಂದು ಕೇಳುತ್ತಾರೆ. ಅವನು ಹೋದರೆ ಕೇಳದೆ ಎಲೆ ಹಾಕುತ್ತಾರೆ. ನನ್ನ ಹೋಳಿಗೆಗೆ ಚಮಚದಲ್ಲಿ ತುಪ್ಪ, ಅವನ ಹೋಳಿಗೆಗೆ ಬಟ್ಟಲಲ್ಲಿ. ಅಳೆದು ನೋಡಿಯೇ ಹೇಳುತ್ತಿದ್ದೇನೆ.

ಅದಲ್ಲದೆ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಸವೆದ ಗುಮಾಸ್ತ. ಪತ್ರ ಬಂದರೆ ಕಡತಕ್ಕೆ ಸೇರಿಸಬೇಕು. ಉತ್ತರ ಕೊಡಿ ಎಂದು ಮೊದಲನೇ ನೆನಪೋಲೆ ಬಂದರೆ ಅದನ್ನೂ ಸೇರಿಸಬೇಕು. ಎರಡನೆಯದು ಬಂದರೆ ಕನ್ನಡಕ ಹಾಕಿಕೊಂಡು ಓದಬೇಕು. ಮೂರನೆಯದು ಬಂದಾಗ ಮಾತ್ರ ಕುರ್ಚಿಯಿಂದ ಏಳಬೇಕು. ಬಹುಪಾಲು ಪತ್ರಗಳು ಮೂರನೆಯದನ್ನು ಕಾಣದೆಯೇ ತಣ್ಣಗಾಗುತ್ತವೆ. ನಾನು ಚಲನ್ನನ್ನು ಪ್ರಿಂಟ್ ತೆಗೆಸಿ, ದಾರ ಪೋಣಿಸಿ, ಮೇಲೆ 'ಕೇರಳ: ಅತಿವೇಗದ ಕುರಿತು' ಎಂದು ದುಂಡಗೆ ಬರೆದು ಬೀರುವಿನಲ್ಲಿಟ್ಟೆ. ನೆನಪೋಲೆ ಬರಲಿಲ್ಲ. ಕೇರಳ ಶರಣಾಯಿತೆಂದು ಟೀ ಅಂಗಡಿಯಲ್ಲಿ ಎಲ್ಲರಿಗೂ ಸಾರಿದೆ. ದಂಡ ಕಟ್ಟಿದ ಪುಕ್ಕಲ ನಂಜೇಶನ ಕತೆಯನ್ನೂ ಸೇರಿಸಿ ಹೇಳಿದೆ.

ಈ ವರ್ಷ ನನ್ನ ಭಾಮೈದನಿಗೆ ತಲಕಾಡಿನ ಗಾನವಿಯ ಜೊತೆ ಮದುವೆ ಗೊತ್ತಾಯಿತು. ಅತ್ತೆಯ ಮನೆಯಲ್ಲೊಂದು ಪದ್ಧತಿಯಿದೆ. ಧಾರೆಯಾದ ಮೇಲೆ ಸೊಸೆಯನ್ನು ಬಿಳಿಗೆರೆಗೆ ಕರೆತರುವ ಗಾಡಿಯನ್ನು ಹಿರಿಯಳಿಯನೇ ಹೊಡೆಯಬೇಕು. ಹಿಂದೆ ಎತ್ತಿನ ಗಾಡಿ, ಈಗ ಕಾರು. ಆ ಮನೆಯಲ್ಲಿ ನಂಜೇಶನಿಗೆ ಸಿಗದೆ ನನಗೆ ಮಾತ್ರ ಸಿಗುವುದು ಅದೊಂದೇ! ಹದಿಮೂರು ವರ್ಷದ ನನ್ನ ಡಬ್ಬದಲ್ಲಿ ಸೊಸೆ ಬರುವುದೇ? ಹಳೆಯದನ್ನು ಕೊಟ್ಟು ಹೊಸತು ತರಲು ಮೈಸೂರಿನ ಶೋರೂಮಿನಲ್ಲಿ ಒಂದು ಕೆಂಪು ಕಾರು ಬುಕ್ ಮಾಡಿದೆ. ನಂಜೇಶನೂ ಅಲ್ಲೇ ಅಂಥದ್ದೇ ಕೆಂಪು ಕಾರು ಬುಕ್ ಮಾಡಿದ್ದಾನೆ, ಆದರೆ ಅವನದು ಮದುವೆ ಕಳೆದು ತಿಂಗಳಿಗೆ ಸಿಗುತ್ತದೆ ಎಂದು ಸುದ್ದಿ ಬಂತು. ಅಂದು ರಾತ್ರಿ ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಮದುವೆಗೆ ಎಂಟು ದಿನ ಇರುವಾಗ ಹಳೇ ಕಾರು ಒಪ್ಪಿಸಲು ಹೋದೆವು. ಶೋರೂಮಿನ ಹೆಣ್ಣುಮಗಳು ಕಂಪ್ಯೂಟರ್ ಒತ್ತಿ ಮುಖ ಸಣ್ಣ ಮಾಡಿಕೊಂಡಳು.

"ಸರ್, ನಿಮ್ಮ ಗಾಡಿ ಲಾಕ್ ಆಗಿದೆ. ಕೇರಳದ ಚಲನ್ ಕೋರ್ಟಿಗೆ ಹೋಗಿದೆ. ಅದು ಮುಗಿಯೋವರೆಗೂ ಬೇರೆಯವರ ಹೆಸರಿಗೆ ಆಗಲ್ಲ."

"ಅದು ಹೇಗಮ್ಮ? ಇನ್ನೂ ಒಂದನೇ ನೆನಪೋಲೆಯೇ ಬಂದಿಲ್ಲವಲ್ಲ."

ಅವಳಿಗೆ ಆ ಪದವೇ ಗೊತ್ತಿರಲಿಲ್ಲ. ಅಲ್ಲೇ ನಿಂತು ಮೊಬೈಲಿನಲ್ಲಿ ದಂಡ ಕಟ್ಟಲು ಹೊರಟರೆ, ಕೋರ್ಟಿಗೆ ಹೋದ ಚಲನ್ನಿಗೆ ಅದು ದುಡ್ಡು ತೆಗೆದುಕೊಳ್ಳಲಿಲ್ಲ. ಕೇರಳದ ವಕೀಲರೊಬ್ಬರನ್ನು ವಿಚಾರಿಸಿದರೆ ಮೂರು ವಾರವಾದರೂ ಬೇಕೆಂದರು. ಹಳೆಯದು ಹೋಗದೆ ಹೊಸದಕ್ಕೆ ನನ್ನಲ್ಲಿ ದುಡ್ಡಿಲ್ಲ. ಹಾಗಾದರೆ ಕೆಂಪು ಕಾರನ್ನು ಪಟ್ಟಿಯಲ್ಲಿರುವ ಮುಂದಿನವರಿಗೆ ಕೊಡುತ್ತೇವೆ ಎಂದು ಆಕೆ ವಿನಯದಿಂದ ಹೇಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ನಂದಿತಾ ಒಂದೇ ಮಾತಾಡಿದ್ದು.

"ಎರಡ್ ನಿಮಿಷದ ಕೆಲಸ ಅಂದಿದ್ದ ಪಾಪ, ನಂಜೇಶ."

ಮದುವೆಯ ದಿನ ಬೆಳಿಗ್ಗೆ ತಲಕಾಡಿನ ಛತ್ರದ ಮುಂದಿನ ಮರಳಿನಲ್ಲಿ ನನ್ನ ಕೆಂಪು ಕಾರು ಹೂವಿನ ಹಾರ ಹಾಕಿಕೊಂಡು ಬಂದು ನಿಂತಿತು. ಬಾಗಿಲು ತೆಗೆದು ಇಳಿದವನು ನಂಜೇಶ.

"ಯಾರೋ ಬುಕ್ ಮಾಡಿ ಕೈ ಬುಟ್ಬುಟ್ರಂತೆ ಅಣ್ಣ. ನಂಗೆ ತಿಂಗ್ಳು ಮುಂಚೇನೇ ಸಿಕ್ತು. ಆ ಪುಣ್ಯಾತ್ಮ ಯಾರೋ, ತಣ್ಣಗಿರ್ಲಿ."

ನಾನು ತಣ್ಣಗಿರಲಿಲ್ಲ. ನಂದಿತಾ ದೂರದ ಮರಳುಗುಡ್ಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ನನ್ನ ಹಿರಿಯಳಿಯತನ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆದರೆ ಧಾರೆ ಮುಗಿದ ಮೇಲೆ ಅತ್ತೆಯೇ ಕಾಪಾಡಿದರು. ಗಾಡಿ ಯಾರದಾದರೂ ಆಗಲಿ, ಹೊಡೆಯುವವನು ಹಿರಿಯಳಿಯನೇ ಎಂದು ನಮ್ಮ ಕಡೆಯವರೆದುರು ತೀರ್ಪು ಕೊಟ್ಟರು. ನಂಜೇಶ ಎರಡೂ ಕೈಯಲ್ಲಿ ಕೀಲಿ ಕೊಟ್ಟ. ಆಹಾ, ಕೊನೆಗೂ ಗೆದ್ದೆ! ಸ್ಟಿಯರಿಂಗಿಗೆ ಅಡ್ಡವಾಗದಿರಲೆಂದು ಶಲ್ಯ ತೆಗೆದು ನಂದಿತಾಳ ಕೈಗೆ ಕೊಟ್ಟೆ. ಬಿಳಿ ಅಂಗಿಯ ತೋಳು ಮಡಿಸಿ, ಓಡಿ ಹೋಗಿ ಗಾನವಿಗೆ ಹಿಂದಿನ ಬಾಗಿಲು ತೆಗೆದು ನಿಂತೆ. ನಂಜೇಶ ಮುಂದಿನ ಸೀಟಿನಲ್ಲಿ ಯಜಮಾನನಂತೆ ಕುಳಿತ.

ಅಷ್ಟರಲ್ಲಿ ಗಾನವಿಯ ಸೋದರತ್ತೆ ಶಿವನಂಜಮ್ಮನವರು ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರವೇ ಬಂದರು. ಎಲೆ ಅಡಿಕೆಯ ಜೊತೆ ಐವತ್ತರ ನೋಟೊಂದನ್ನು ಮಡಿಸಿ ನನ್ನ ಜೇಬಿಗೆ ತುರುಕಿದರು.

"ಮೆತ್ತಗೆ ಓಡುಸ್ಕಂಡ್ ಓಗಪ್ಪ, ನಮ್ ಕೂಸು ಅದೆ. ನಿಮ್ ಸಾವ್ಕಾರ್ ನಂಜೇಶಪ್ಪೋರು ದ್ಯಾವ್ರಂತೋರು. ಅಂತೋರ ತಾವು ಕೆಲ್ಸ ಸಿಕ್ಕೋದು ಕಷ್ಟ, ಬುಟ್ಗಿಟ್ಟೀಯೆ."

ಅಳುತ್ತಿದ್ದ ಮುದುಕಿ. ಎದುರಾಡಲು ಮನಸ್ಸು ಬರಲಿಲ್ಲ.

"ಇಲ್ಲ ಕಣವ್ವ, ಬುಡಲ್ಲ" ಎಂದೆ.