ಮೂರು ಗೆರೆಯ ನುಚ್ಚಿನುಂಡೆ

ಮರಿಬಸಪ್ಪನವರು ತಮ್ಮ ಹೊಸ ಯಂತ್ರದ ಮೇಲೆ ಹೊದಿಸಿದ್ದ ಟವೆಲನ್ನು ಎಳೆದಾಗ ಅಡುಗೆಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರ ಯಂತ್ರಗಳಿಗೆ ಚಪ್ಪಾಳೆ ತಟ್ಟುವ ವಾಡಿಕೆ ತಿಪಟೂರಿನ ಆ ಬೀದಿಯಲ್ಲಿ ಎಂದೋ ನಿಂತುಹೋಗಿತ್ತು. ಅವರೆಕಾಳು ಹಿಸುಕುವ ಯಂತ್ರ ಎದುರುಮನೆಯ ಕಿಟಕಿಯ ಗಾಜನ್ನು ಕಾಳಿನಲ್ಲೇ ಹೊಡೆದು ಪುಡಿ ಮಾಡಿತ್ತು. ಕಾಯಿ ತುರಿಯುವ ಯಂತ್ರ ಕಾಯಿ ಮುಗಿದ ಮೇಲೆ ಕರಟವನ್ನು, ಕರಟ ಮುಗಿದ ಮೇಲೆ ತಾನು ಕೂತಿದ್ದ ಮಣೆಯನ್ನು ತುರಿದಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದ ಅವರಿಗೆ ಇದ್ಯಾವುದೂ ಸೋಲೆಂದು ಅನ್ನಿಸಿರಲಿಲ್ಲ.

ಈ ಸಲದ್ದು ಮುಷ್ಟಿಯಂತ್ರ. ಇಡ್ಲಿ ಪಾತ್ರೆಯಂಥ ಹೊಟ್ಟೆ, ಕೆಳಗೆ ನಾಲ್ಕು ಗಾಲಿ, ಪಕ್ಕದಲ್ಲಿ ರಬ್ಬರಿನ ಒಂದೇ ಕೈ. ಕೈಗೆ ಐದೂ ಬೆರಳು.

ಅದು ಹುಟ್ಟಿದ್ದು ಅವರ ಹೆಂಡತಿ ಗಂಗಮ್ಮನ ಸಲುವಾಗಿ. ಡಾಕ್ಟರು ಬೋಂಡ, ವಡೆ, ಪೂರಿ ಎಲ್ಲ ನಿಲ್ಲಿಸಿ, ಹಬೆಯಲ್ಲಿ ಬೆಂದದ್ದನ್ನು ತಿನ್ನಿ ಎಂದಿದ್ದರು. ಹಬೆಯಲ್ಲಿ ಬೆಂದದ್ದೆಂದರೆ ಆ ಮನೆಯಲ್ಲಿ ನುಚ್ಚಿನುಂಡೆ. ತೊಗರಿಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ, ಶುಂಠಿ, ಹಸಿಮೆಣಸಿನಕಾಯಿ ಕಲಸಿ, ಅಂಗೈಯಲ್ಲಿ ಒತ್ತಿ ಬೇಯಿಸುವುದು. ರುಬ್ಬುವುದಕ್ಕೆ ಮಿಕ್ಸಿ ಇತ್ತು. ಒತ್ತುವುದಕ್ಕೆ ಗಂಗಮ್ಮನ ಬೆರಳಿನ ಗಂಟುಗಳು ಬಿಡುತ್ತಿರಲಿಲ್ಲ.

ಉಂಡೆ ಎಂದು ಹೆಸರಿದ್ದರೂ ಅದು ಗುಂಡಗಿರುವುದಿಲ್ಲ. ಮುಷ್ಟಿಯೊಳಗೆ ಒತ್ತಿದವರ ಬೆರಳಿನ ಗೆರೆ ಅದರ ಮೈಮೇಲೆ ಉಳಿಯುತ್ತದೆ. ಬೆಂದ ಮೇಲೂ ಹೋಗುವುದಿಲ್ಲ. ಎಲ್ಲರ ಉಂಡೆಗೂ ನಾಲ್ಕು ಗೆರೆ. ಮರಿಬಸಪ್ಪನವರ ಮಗ ಲೋಕೇಶನ ಉಂಡೆಗೆ ಮಾತ್ರ ಮೂರು. ಹೈಸ್ಕೂಲಿನಲ್ಲಿ ಕ್ರಿಕೆಟ್ ಚೆಂಡು ಬಡಿದು ಅವನ ಕಿರುಬೆರಳು ಮಡಚದಂತಾಗಿತ್ತು. ಅವನು ಏನನ್ನು ಹಿಡಿದರೂ ಆ ಬೆರಳು ನಮಗ್ಯಾಕೆ ಎಂಬಂತೆ ದೂರ ನಿಲ್ಲುತ್ತಿತ್ತು. ಭಾನುವಾರ ಹಿಟ್ಟು ಕಲಸುವ ಕೆಲಸ ಅವನದು. ಉಪ್ಪು ಮರೆಯುವುದೂ ಅವನದೇ. ಕೇಳಿದರೆ, ಬಿ.ಪಿ.ಗೆ ಒಳ್ಳೇದು ಎನ್ನುತ್ತಿದ್ದ.

ಹಾಗೆ ಒಂದು ಭಾನುವಾರ ಅವನು ಉಂಡೆ ಒತ್ತಿದ. ಆ ಗುರುವಾರದ ಹೊತ್ತಿಗೆ ಅವನಿರಲಿಲ್ಲ.

ಉಳಿದಿದ್ದ ಒಂದು ಉಂಡೆಯನ್ನು ಅವನ ಹೆಂಡತಿ ದಾಕ್ಷಾಯಿಣಿ ಸ್ಟೀಲಿನ ಡಬ್ಬಿಗೆ ಹಾಕಿ ಫ್ರೀಜರಿನ ಒಳಮೂಲೆಗೆ ತಳ್ಳಿದ್ದಳು. ತಿನ್ನಲಿಲ್ಲ, ಎಸೆಯಲಿಲ್ಲ, ಮುಚ್ಚಳ ತೆಗೆದೂ ನೋಡಲಿಲ್ಲ. ಫ್ರಿಜ್ಜು ತೊಳೆಯುವಾಗ ಗಂಗಮ್ಮ ಆ ಡಬ್ಬಿಯನ್ನು ತೆಗೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಅತ್ತೆ ಸೊಸೆ ಅದರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ನೀರಿನ ಬಾಟಲಿಯ ಹೊರತು ಫ್ರಿಜ್ಜಿನಲ್ಲಿ ಬೇರೇನಿದೆಯೆಂದು ತಿಳಿಯದ ಮರಿಬಸಪ್ಪನವರಿಗೆ ಡಬ್ಬಿಯ ವಿಷಯವೇ ಗೊತ್ತಿರಲಿಲ್ಲ.

"ಇದಕ್ಕೆ ಒಂದು ಉಂಡೆ ತೋರಿಸಿದ್ರೆ ಸಾಕು," ಎಂದು ಅವರು ಯಂತ್ರದ ಬೆನ್ನು ತಟ್ಟಿದರು. "ಅದನ್ನ ನುಂಗಿ, ಒತ್ತಿದ ಕೈ ಎಂಥದು, ಹಿಡಿತ ಎಷ್ಟು ಬಿಗಿ, ರುಚಿ ಏನು, ಎಲ್ಲಾ ಕಲಿತೈತೆ. ಎಳೇ ಕೂಸನ್ನ ಹಿಡಿದ್ರೂ ನೋಯಲ್ಲ."

"ತೋರ್ಸೋಕೆ ಉಂಡೆ ಎಲ್ಲೈತೆ?" ಎಂದರು ಗಂಗಮ್ಮ. "ನನ್ನ ಕೈಲಿ ಒತ್ತೋಕಾಗಿದ್ರೆ ನಿಮ್ಮ ಯಂತ್ರ ಯಾರಿಗೆ ಬೇಕಿತ್ತು?"

"ಫ್ರಿಜ್ಜಲ್ಲಿ ಒಂದು ಹಳೇದು ಸಿಕ್ತು ಕಣೇ. ಬೆಳಿಗ್ಗೇನೇ ಹಾಕ್ದೆ."

ದಾಕ್ಷಾಯಿಣಿ ಸಿಂಕಿನ ಕಡೆ ನೋಡಿದಳು. ಡಬ್ಬಿಯನ್ನು ತೊಳೆದು ಬೋರಲು ಹಾಕಿದ್ದರು. ಮುಚ್ಚಳ ಪಕ್ಕದಲ್ಲಿತ್ತು. ಗಂಗಮ್ಮ ಗಂಡನನ್ನು ಬೈಯಲು ಬಾಯಿ ತೆರೆದವರು ಸೊಸೆಯ ಮುಖ ನೋಡಿ, ಡಬ್ಬಿಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು.

ಅಷ್ಟರಲ್ಲಿ ರಬ್ಬರಿನ ಕೈ ಪಾತ್ರೆಯಲ್ಲಿದ್ದ ಬೇಳೆ, ಸೊಪ್ಪು, ಕಾಯಿತುರಿಯನ್ನು ತಾನೇ ಕಲಸಿ, ಒಂದಿಷ್ಟು ಹಿಟ್ಟು ತೆಗೆದು, ಒತ್ತಿ, ತಟ್ಟೆಯ ಮೇಲಿಟ್ಟಿತ್ತು. ಕಿರುಬೆರಳು ನೆಟ್ಟಗೆ ನಿಂತಿತ್ತು. ಅದರ ಸ್ಪ್ರಿಂಗು ಸಡಿಲವಾಗಿದೆ ಎಂದುಕೊಂಡು ಮರಿಬಸಪ್ಪನವರು ಸ್ಕ್ರೂಡ್ರೈವರ್ ತಂದರು. ಬೆರಳನ್ನು ಹಿಡಿದು ನೋಡಿದರು. ಆಮೇಲೆ ಉಂಡೆಯನ್ನು ನೋಡಿದರು. ಅದನ್ನು ತಿರುಗಿಸಿ ಮತ್ತೆ ನೋಡಿದರು.

"ಸರಿ ಮಾಡಬ್ಯಾಡಿ," ಎಂದರು ಗಂಗಮ್ಮ.

ಅವರು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು.

ಹಿಟ್ಟು ಮುಗಿಯುವವರೆಗೆ ಮೂವರೂ ನಿಂತು ನೋಡಿದರು. ತಟ್ಟೆ ತುಂಬ ಲೋಕೇಶನ ಉಂಡೆಗಳು. ಯಂತ್ರ ಅವನ್ನು ತನ್ನ ಹೊಟ್ಟೆಯ ಹಬೆಯಲ್ಲಿ ಬೇಯಿಸಿ ಮತ್ತೆ ತಟ್ಟೆಗಿಟ್ಟಿತು. ತೊಂದರೆ ಶುರುವಾದದ್ದು ಹಿಟ್ಟು ಮುಗಿದ ಮೇಲೆ. ಒತ್ತಲು ಮೆತ್ತಗಿನದು ಏನಾದರೂ ಸಿಗುವವರೆಗೆ ಹುಡುಕುತ್ತಿರಬೇಕೆಂದು ಮರಿಬಸಪ್ಪನವರು ಯಂತ್ರಕ್ಕೆ ಕಲಿಸಿದ್ದರು. ಅದು ಕಲಿತ ಪಾಠ ಮರೆಯುವ ಜಾತಿಯದಲ್ಲ. ನೆನೆಸಿಟ್ಟ ಹುಣಸೆಹಣ್ಣನ್ನು ಒತ್ತಿ ಹಬೆಗಿಟ್ಟಿತು. ಹಾಟ್‌ಬಾಕ್ಸಿನ ರಾಗಿಮುದ್ದೆಯನ್ನು ಮೂರು ಗೆರೆಯ ಮುದ್ದೆ ಮಾಡಿತು. ಗಾಲಿ ಉರುಳಿಸಿಕೊಂಡು ಬಚ್ಚಲಿಗೆ ಹೋಗಿ ನೆನೆದ ಸೋಪನ್ನು ಒತ್ತಿ ಹೊಟ್ಟೆಯೊಳಕ್ಕೆ ಹಾಕಿಕೊಂಡಿತು. ಮನೆ ತುಂಬ ಸಬ್ಬಸಿಗೆ ಸೊಪ್ಪೂ ಸೋಪೂ ಸೇರಿದ ನೊರೆಯ ಹಬೆ. ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಸರ್ವಮಂಗಳಮ್ಮನವರು ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿದ್ದಾಗ ಅವರ ಎಣ್ಣೆಗೂದಲಿನ ತುರುಬನ್ನು ಹಿಡಿದು ಒತ್ತಿತು. ಅವರು ಕರಿಬೇವು ಕೇಳದೆ ಹಿಂದಿರುಗಿದರು. ತುರುಬಿನ ಮೇಲೆ ಗೆರೆ ಅಚ್ಚುಕಟ್ಟಾಗಿ ಮೂಡಿತ್ತು.

ಗಂಗಮ್ಮ ವೈರು ಕಿತ್ತರು. ಯಂತ್ರ ನಿಲ್ಲಲಿಲ್ಲ. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಹಾಕಿದ್ದಾಗಿ ಮರಿಬಸಪ್ಪನವರು ತಗ್ಗಿದ ದನಿಯಲ್ಲಿ ತಿಳಿಸಿದರು. ನಿಲ್ಲಿಸುವ ಗುಂಡಿ ಎಲ್ಲಿ ಎಂದು ಕೇಳಿದ್ದಕ್ಕೆ, ಅದು ಮುಂದಿನ ಮಾದರಿಯಲ್ಲಿ ಬರುತ್ತದೆ ಎಂದರು.

"ಹಂಗಾದ್ರೆ ಬೆನ್ನ ಮೇಲಿರೋ ಆ ಕೆಂಪು ಗುಂಡಿ ಯಾವುದು ಮಾವ?" ಎಂದಳು ದಾಕ್ಷಾಯಿಣಿ.

ಮರಿಬಸಪ್ಪನವರು ಗುಂಡಿಯ ಕಡೆ ನೋಡಿದರು. "ಅದು ಒತ್ತಿದ್ರೆ ನಿಲ್ತೈತೆ ಮಗಾ. ಆದ್ರೆ ಕಲ್ತಿದ್ದೆಲ್ಲ ಅಳಿಸಿ ಹೋಗ್ತೈತೆ. ಆ ಕೈ ಮತ್ತೆ ಬರಲ್ಲ."

ಯಂತ್ರ ಆಗ ದಿಂಬಿನ ಕಡೆ ಹೊರಟಿತ್ತು. ಮರಿಬಸಪ್ಪನವರು ಅದರ ಹಿಂದೆ ಹೋಗಿ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ಹೆಬ್ಬೆರಳು ಅಲ್ಲೇ ನಿಂತಿತು. ಇಳಿಸಿಬಿಟ್ಟರು. ನೀನೇ ಒತ್ತು ಎಂದು ಹೆಂಡತಿಗೆ ಹೇಳಿದರು. ಗಂಗಮ್ಮ ತಮ್ಮ ಬೆರಳಿನ ಗಂಟುಗಳನ್ನು ತೋರಿಸಿದರು. ಒಂದು ಗುಂಡಿ ಒತ್ತಲಾರದಷ್ಟು ಆ ಗಂಟುಗಳು ಬಿಗಿದಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ದಾಕ್ಷಾಯಿಣಿ ಮುಂದೆ ಬಂದಳು. ಯಂತ್ರ ಸದ್ದು ಕೇಳಿ ತಿರುಗಿ, ಅವಳ ಎಡಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿಯಿತು.

ನೋಯಲಿಲ್ಲ. ಹಬೆಯಲ್ಲಿ ಓಡಾಡಿದ್ದ ರಬ್ಬರು ಬೆಚ್ಚಗಿತ್ತು. ಮೂರು ಬೆರಳು ಸುತ್ತಿಕೊಂಡು, ಕಿರುಬೆರಳೊಂದು ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು. ರಸ್ತೆ ದಾಟುವಾಗ ಅವನು ಹಿಡಿಯುತ್ತಿದ್ದುದು ಅಲ್ಲೇ.

ಯಂತ್ರಕ್ಕೆ ಅದೆಲ್ಲ ತಿಳಿಯದು. ಒತ್ತಿದ್ದನ್ನು ಬೇಯಿಸುವುದು ಅದರ ಧರ್ಮ. ಹೊಟ್ಟೆಯ ಮುಚ್ಚಳ ತಾನಾಗಿ ತೆರೆದುಕೊಂಡು, ಅದು ಅವಳ ಕೈಯನ್ನು ಹಬೆಯ ಕಡೆಗೆ ಮೆಲ್ಲಗೆ ಎಳೆಯತೊಡಗಿತು.

"ಒತ್ರೀ, ಹುಡುಗಿ ಕೈ ಬೆಂದೋಯ್ತದೆ," ಎಂದರು ಗಂಗಮ್ಮ.

"ಇರಿ ಮಾವ, ಒಂದ್ನಿಮಿಷ."

ಒಂದು ನಿಮಿಷ ಆಗಲಿಲ್ಲ. ಬಿಸಿ ಬೆರಳತುದಿಗೆ ತಾಗಿದಾಗ ಅವಳು ಬಲಗೈ ಚಾಚಿ ಗುಂಡಿಯನ್ನು ತಾನೇ ಒತ್ತಿದಳು. ರಬ್ಬರಿನ ಬೆರಳುಗಳು ಬಿಚ್ಚಿಕೊಂಡವು. ಆಮೇಲೆ ಕಿರುಬೆರಳು, ಉಳಿದವುಗಳ ಜೊತೆಗೆ, ಮೊದಲ ಸಲ ಮಡಚಿಕೊಂಡಿತು.

ಊಟಕ್ಕೆ ಕೂತಾಗ ಗಂಗಮ್ಮ ಒಂದು ಉಂಡೆಯನ್ನು ತೆಗೆದು ಸ್ಟೀಲಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಕೈ ಚಾಚಿದರು. ದಾಕ್ಷಾಯಿಣಿ ಅದನ್ನು ಡಬ್ಬಿಯಿಂದ ತನ್ನ ತಟ್ಟೆಗೆ ಹಾಕಿಕೊಂಡಳು. ಮುರಿದು, ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದಳು.

"ಉಪ್ಪಿಲ್ಲ," ಎಂದಳು.

"ಬಿ.ಪಿ.ಗೆ ಒಳ್ಳೇದು ಕಣಮ್ಮ," ಎಂದರು ಮರಿಬಸಪ್ಪನವರು. ಆಮೇಲೆ ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಉಂಡೆ ಒಂದೂ ಉಳಿಯಲಿಲ್ಲ. ಯಂತ್ರದ ಹೊಟ್ಟೆಯಿಂದ ತೆಗೆದ ಮೂರು ಗೆರೆಯ ಸೋಪು ಮಾತ್ರ ಬಚ್ಚಲಿನ ಗೂಡಿನಲ್ಲಿ ಉಳಿಯಿತು. ಅದನ್ನು ಯಾರೂ ಮೈಗೆ ಹಚ್ಚಲಿಲ್ಲ. ಮರುದಿನ ಮರಿಬಸಪ್ಪನವರು ಅಂಗಡಿಯಿಂದ ಹೊಸ ಸೋಪು ತಂದರು. ಗಂಗಮ್ಮ ಅದನ್ನು ಮೂಸಿ ನೋಡಿ, ಇದನ್ನು ಬೇಯಿಸುವುದು ಬೇಡ ಎಂದರು.